ಕತ್ತರಿ ಅತ್ತೆ ಮತ್ತು ಹೊಸ ಬಾಗಿಲು

ನಮ್ಮ ಅತ್ತೆಗೆ ಸಿಟ್ಟು ಬಂತು ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ಅದು ಹೋಗಿದ್ದಾದರೂ ಯಾವಾಗ?

ಈಕೆ ನನ್ನ ತಂದೆಯ ಅಕ್ಕ. ಜನರ ಬಾಯಲ್ಲಿ ಕತ್ತರಿ ಅತ್ತೆ. ಬಸ್ಸಿನವರು, ಅಂಚೆಯವರು, ಆಸ್ಪತ್ರೆಯ ಕಾವಲುಗಾರರು, ಹೀಗೆ ಸಮವಸ್ತ್ರ ತೊಡುವ ಮಂದಿಗೆಲ್ಲ ಕೋಟು ಪ್ಯಾಂಟು ಹೊಲಿದುಕೊಟ್ಟವರು. ಮಾವ ಬದುಕಿದ್ದಾಗ ಬಟ್ಟೆ ಕತ್ತರಿಸುವುದು ಅವರ ಕೆಲಸ, ಹೊಲಿಯುವುದು ಅತ್ತೆಯ ಕೆಲಸ. ಮಾವ ಹೋದ ಮೇಲೆ ಕತ್ತರಿಯೂ ಇವರ ಕೈಗೇ ಬಂತು. ಹೆಸರು ಅಂಟಿಕೊಂಡಿದ್ದು ಆಗ. ಅಲ್ಲ, ಅದು ನಾಲಿಗೆಯಿಂದ ಬಂದ ಹೆಸರು ಎನ್ನುವವರೂ ಇದ್ದಾರೆ. ನಾನು ಹಾಗೆ ಹೇಳಿಲ್ಲ, ಬರೆದಿದ್ದೇನೆ ಅಷ್ಟೆ.

ಅಂಗಡಿಯಲ್ಲಿ ಒಂದು ಸಲ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಯಾವುದೋ ಕಚೇರಿಯ ದೊಡ್ಡ ಮನುಷ್ಯರೊಬ್ಬರು ಕೋಟು ಹೊಲಿಸಲು ಬಂದರು. ಅತ್ತೆ ಟೇಪನ್ನು ಸೊಂಟದ ಸುತ್ತ ತಂದದ್ದೇ ತಡ, ಅವರು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡರು. ಅತ್ತೆ ಟೇಪು ಹಿಡಿದುಕೊಂಡೇ ನಿಂತರು. ಅವರೂ ನಿಂತರು. ಮುಖ ಕೆಂಪಾಯಿತು, ಕಣ್ಣುಗುಡ್ಡೆ ಹೊರಕ್ಕೆ ಬಂತು.

"ಉಸಿರು ಬಿಡಿ ಸ್ವಾಮಿ," ಎಂದರು ಅತ್ತೆ. "ನನಗೆ ಬೇಕಾಗಿರೋದು ನಿಮ್ಮ ಅಳತೆ. ನಿಮ್ಮ ಆಸೆಯ ಅಳತೆ ಅಲ್ಲ."

ಆ ಮನುಷ್ಯರು ಕೋಟನ್ನು ಬೇರೆ ಕಡೆ ಹೊಲಿಸಿದರಂತೆ. ಕುರ್ಚಿಯಲ್ಲಿ ಕುಳಿತ ಮೊದಲ ದಿನವೇ ಗುಂಡಿ ಹಾರಿಹೋಯಿತಂತೆ. ಇದನ್ನು ಹೇಳುವಾಗ ಮಾತ್ರ ಅತ್ತೆಯ ಮುಖದಲ್ಲಿ ನಗೆ ಎಂಬ ವಸ್ತುವನ್ನು ನೋಡಬಹುದು.

ಇಂಥವರ ಕಣ್ಣು ಹೋಯಿತು. ಪೂರ್ತಿ ಅಲ್ಲ. ನೆಟ್ಟಗೆ ನೋಡಿದರೆ ನಡುವೆ ಮಸಿ ಬಳಿದ ಹಾಗೆ. ಅಂಚಿನಲ್ಲಿ ಒಂದಿಷ್ಟು ಬೆಳಕು, ಆಕಾರ. ನನ್ನನ್ನು ನೋಡಬೇಕೆಂದರೆ ಬಾಗಿಲ ಕಡೆ ಮುಖ ಮಾಡುತ್ತಾರೆ. ಬಾಗಿಲನ್ನು ನೋಡಬೇಕೆಂದರೆ ನನ್ನ ಕಡೆ. ಇದಕ್ಕೆ ಔಷಧವಿಲ್ಲ ಎಂದ ವೈದ್ಯರನ್ನು, "ಹಾಗಿದ್ರೆ ಇಷ್ಟು ಹೊತ್ತು ಟಾರ್ಚ್ ಬಿಟ್ಕೊಂಡು ಏನು ಹುಡುಕ್ತಿದ್ರಿ?" ಎಂದು ಕೇಳಿ ಎದ್ದು ಬಂದವರು ಅವರು. ಆದರೆ ಕೈಗೆ ಏನೂ ಆಗಿರಲಿಲ್ಲ. ಈಗಲೂ ನನ್ನ ತೋಳು ಮುಟ್ಟಿ, "ಈ ಬಟ್ಟೆ ಎರಡನೇ ಒಗೆತಕ್ಕೆ ಕುಗ್ಗತ್ತೆ ನೋಡು," ಎನ್ನುತ್ತಾರೆ. ಕುಗ್ಗುತ್ತದೆ. ನಾನು ದಪ್ಪಗಾಗಿದ್ದೇನೆ ಎಂದು ಹೆಂಡತಿ ತಪ್ಪು ತಿಳಿಯುತ್ತಾಳೆ.

ಅತ್ತೆ ಇರುವುದು ಹಳೆಯ ಕಟ್ಟಡವೊಂದರ ಕೊನೆಯ ಮಹಡಿಯಲ್ಲಿ. ಲಿಫ್ಟ್ ಇದೆ, ಓಡುವುದು ಬಿಡುವುದು ಅದರ ಮರ್ಜಿ. ಮೆಟ್ಟಿಲು ಮುಗಿದಲ್ಲಿ ಪಡಸಾಲೆಯಂಥ ಪುಟ್ಟ ಜಾಗ. ಆಚೆಗೊಂದು ಬಾಗಿಲು, ಈಚೆಗೊಂದು ಬಾಗಿಲು, ನಡುವೆ ಗೋಡೆಗೆ ಒರಗಿಸಿದ ಬೆಂಚು. ಅದರಿಂದ ಮೇಲಕ್ಕೆ ಮೆಟ್ಟಿಲೂ ಇಲ್ಲ, ಮನುಷ್ಯರೂ ಇಲ್ಲ. ಈಚೆ ಬಾಗಿಲು ಅತ್ತೆಯದು. ಆಚೆ ಬಾಗಿಲಲ್ಲಿ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೆ ಅವರು ತೊಟ್ಟ ಸಮವಸ್ತ್ರವೆಲ್ಲ ಅತ್ತೆಯೇ ಹೊಲಿದದ್ದು.

ಕಂಡಕ್ಟರ ಕಣ್ಣು ಹದ್ದಿನದು. ತುಂಬಿದ ಬಸ್ಸಿನ ಕೊನೆಯ ಸೀಟಿನಲ್ಲಿ ಟಿಕೆಟ್ ತೆಗೆಯದೆ ನಿದ್ದೆಯ ನಟನೆ ಮಾಡುವವನನ್ನು ಮುಂಬಾಗಿಲಿನಿಂದಲೇ ಹಿಡಿಯುತ್ತಿದ್ದ ಕಣ್ಣು. ಕೈಕೊಟ್ಟದ್ದು ಕೈ. ನಡುಕ. ಅವರು ಚಮಚದಲ್ಲಿ ಸೂಪು ತೆಗೆದರೆ ಬಾಯಿಯ ಹತ್ತಿರ ಬರುವ ಹೊತ್ತಿಗೆ ಚಮಚವೊಂದೇ ಉಳಿದಿರುತ್ತಿತ್ತು. "ಕೆಟ್ಟ ರಸ್ತೇಲಿ ಬಸ್ಸಿನ ಜೊತೆ ಕೈನೂ ಕುಣೀತಿತ್ತು," ಎನ್ನುತ್ತಿದ್ದರು. "ನಾನು ಬಸ್ ಇಳಿದೆ. ಕೈ ಇಳೀಲಿಲ್ಲ."

ಒಂದು ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಲಾಗದೆ ಬೆಂಚಿನ ಮೇಲೆ ಕುಳಿತಿದ್ದರಂತೆ. ಅತ್ತೆ ಎರಡು ಮಾತ್ರೆ ಪಟ್ಟಿ ಹಿಡಿದುಕೊಂಡು, ಬೆಳಗಿನದು ಯಾವುದು ರಾತ್ರಿಯದು ಯಾವುದು ಎಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದರಂತೆ.

"ಎಡಗೈದು ಬೆಳಗಿಂದು," ಎಂದರು ಕಂಡಕ್ಟರು.

"ಕತ್ತು ಎತ್ತಿ," ಎಂದರು ಅತ್ತೆ. ಗುಂಡಿ ಹಾಕಿದರು.

ಅಷ್ಟೆ. ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ. ಮಾರನೆಯ ದಿನದಿಂದ ಅವರ ಕಣ್ಣು ಇವರದು, ಇವರ ಕೈ ಅವರದು. ಅಡುಗೆ, ಬಟ್ಟೆ, ಔಷಧ, ಫೋನು, ಉಗುರು ಕತ್ತರಿಸುವುದು, ಎಲ್ಲವೂ ಹಾಗೇ ನಡೆಯತೊಡಗಿತು. ಕಟ್ಟಡದ ಒಬ್ಬರು ಇದನ್ನು ಕಂಡು, "ಕುಂಟ ಕುರುಡರ ಕಥೆ ಇದ್ದ ಹಾಗಿದೆ," ಎಂದು ಮೆಚ್ಚಿಕೊಂಡರು. ಅತ್ತೆ ಅವರೊಂದಿಗೆ ಮಾತು ಬಿಟ್ಟರು.

ನಾನು ಹೋದ ಒಂದು ಭಾನುವಾರ ಬೆಂಚಿನ ಮೇಲೆ ಕ್ಷೌರ ನಡೆದಿತ್ತು. ಎದುರು ಗೋಡೆಗೆ ಕನ್ನಡಿ. ಕಂಡಕ್ಟರು ಮುಖದ ತುಂಬ ನೊರೆ ಹಚ್ಚಿಸಿಕೊಂಡು, ನಡುಗುವ ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿ ಅದುಮಿಕೊಂಡು ಕುಳಿತಿದ್ದರು. ಅತ್ತೆಯ ಕೈಯಲ್ಲಿ ರೇಜರ್.

"ಬರ್ಲಿ, ಬರ್ಲಿ, ಕೆಳಗೆ ಬರ್ಲಿ. ಹೋಲ್ಡಾನ್. ಮಚ್ಚೆ ಇದೆ."

"ಮಚ್ಚೆ ನನಗೆ ಗೊತ್ತು. ಇಷ್ಟು ವರ್ಷ ಕಾಲರ್ ಅಳತೆ ತೆಗೆದವಳು ನಾನು."

"ರೈಟ್. ಮುಂದೆ ಗದ್ದದ ತಿರುವು, ನಿಧಾನ."

"ಮಾತಾಡಬೇಡಿ, ಗದ್ದ ಅಲ್ಲಾಡತ್ತೆ."

"ಮಾತಾಡದೆ ಇದ್ರೆ ದಾರಿ ಹೇಳೋರು ಯಾರು?"

"ಬಸ್ಸಲ್ಲೂ ಹೀಗೇ ಡ್ರೈವರ್ ತಲೆ ತಿಂತಿದ್ರಾ?"

"ಡ್ರೈವರ್‌ಗೆ ಕಣ್ಣಿತ್ತು ಟೈಲರಮ್ಮ. ಹೋಲ್ಡಾನ್, ಕಿವಿ ಸ್ಟಾಪ್ ಬಂತು."

ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಒಂದು ಹನಿ ರಕ್ತ ಬರಲಿಲ್ಲ. ಎರಡು ಕಣ್ಣು, ಎರಡು ಕೈ, ಒಂದು ಒಳ್ಳೆಯ ದೀಪ ಎಲ್ಲ ಇದ್ದೂ ವಾರಕ್ಕೆರಡು ಸಲ ಗದ್ದಕ್ಕೆ ಹತ್ತಿ ಅಂಟಿಸಿಕೊಂಡು ಕೆಲಸಕ್ಕೆ ಹೋಗುವ ನಾನು ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲಿಲ್ಲ.

ಆಗಲೇ ಲಿಫ್ಟಿಗೆ ಒಳ್ಳೆಯ ಬುದ್ಧಿ ಬಂದು ಅತ್ತೆಯ ಮಗನನ್ನು ಮೇಲಕ್ಕೆ ತಂದುಬಿಟ್ಟಿತು. ನನಗೆ ಓರಗೆಯ ಭಾವ. ಕೆಟ್ಟವನಲ್ಲ, ಹಾಗಾಗಿಯೇ ಅವನೊಂದಿಗೆ ಜಗಳವಾಡುವುದು ಕಷ್ಟ. ವಿಮಾ ಕಂಪನಿಯಲ್ಲಿ ಕೆಲಸ. ನಮಗೆ ಏಣಿ ಕಂಡರೆ ಏಣಿ ಕಾಣುತ್ತದೆ, ಅವನಿಗೆ ಅದರಿಂದ ಬಿದ್ದವನು ಕಾಣುತ್ತಾನೆ. ಕೈಯಲ್ಲಿದ್ದ ಚೀಲ ಹಾಗೇ ಹಿಡಿದು ನಿಂತ.

"ಅಮ್ಮ, ಏನು ಮಾಡ್ತಿದೀಯ?"

"ಕಾಣಲ್ವಾ? ನನಗೆ ಕಾಣಲ್ಲ ಸರಿ, ನಿನಗೇನಾಗಿದೆ?"

"ಕಣ್ಣು ಕಾಣದೋಳು ರೇಜರ್ ಹಿಡ್ಕೊಂಡು ಇನ್ನೊಬ್ಬರ ಕುತ್ತಿಗೆ ಮೇಲೆ... ಏನಾದ್ರೂ ಆದ್ರೆ?"

"ಕುತ್ತಿಗೆ ಅವರದು. ಕೇಳೋದಿದ್ರೆ ಅವರು ಕೇಳ್ಲಿ."

"ನನ್ನದೇನೂ ದೂರಿಲ್ಲ," ಎಂದರು ಕಂಡಕ್ಟರು ನೊರೆಯೊಳಗಿನಿಂದ.

ಭಾವ ಒಳಗೆ ಹೋಗಿ ಒಲೆ ನೋಡಿದ, ಚಾಕು ನೋಡಿದ, ಬಚ್ಚಲುಮನೆಯ ನೆಲವನ್ನು ಕಾಲಿನಿಂದ ಉಜ್ಜಿ ನೋಡಿದ. ಪ್ರೀತಿಗೆ ಒಂದು ಕೆಟ್ಟ ಚಾಳಿ ಇದೆ. ಕೈಯಲ್ಲಿರುವುದನ್ನೆಲ್ಲ ಕಿತ್ತುಕೊಂಡು, "ಈಗ ಆರಾಮಾಗಿರು" ಎನ್ನುತ್ತದೆ. ಅವನು ಅತ್ತೆಗಾಗಿ ತನ್ನ ಮನೆಯಲ್ಲಿ ಒಂದು ಕೋಣೆಯನ್ನು ಮೊದಲೇ ಸಿದ್ಧ ಮಾಡಿದ್ದ. ಮಂಚದ ಮೂಲೆ ಮೂಲೆಗೂ ಸ್ಪಂಜು. ಅಲ್ಲಿ ಅತ್ತೆ ಮಾಡಬೇಕಾದ ಕೆಲಸ ಯಾವುದೂ ಇರಲಿಲ್ಲ. ಕುಳಿತಿರಬೇಕು, ಮಲಗಬೇಕು, ಮತ್ತೆ ಕುಳಿತಿರಬೇಕು.

ಅತ್ತೆ ಒಪ್ಪಲಿಲ್ಲವಾದ್ದರಿಂದ ಅವನು ಕಟ್ಟಡ ನೋಡಿಕೊಳ್ಳುವ ಕಚೇರಿಗೆ ಹೋದ. ಅಲ್ಲಿ ಒಂದು ನಿಯಮವಿತ್ತು. ಒಂಟಿಯಾಗಿರುವ ವಯಸ್ಸಾದವರ ಬಗ್ಗೆ ಮನೆಯವರಿಗೆ ಆತಂಕವಿದ್ದರೆ ಕಚೇರಿಯಿಂದ ಒಬ್ಬರು ಬಂದು ಪರೀಕ್ಷೆ ಮಾಡುತ್ತಾರೆ. ಎದ್ದು ಕೂರುವುದು, ಬಟ್ಟೆ ತೊಡುವುದು, ಔಷಧ ತೆಗೆದುಕೊಳ್ಳುವುದು, ಏನಾದರೂ ಬಿಸಿಮಾಡಿ ಕುಡಿಯುವುದು, ಇವನ್ನೆಲ್ಲ ತಮ್ಮಷ್ಟಕ್ಕೆ ತಾವು ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಮನೆಯ ಕೀಲಿ ವಾಪಸು.

ಅತ್ತೆಯ ಕೀಲಿ ಹೋದರೆ ಅವರಿಗೆ ಸ್ಪಂಜಿನ ಕೋಣೆಯಾದರೂ ಇತ್ತು. ಕಂಡಕ್ಟರಿಗೆ ಏನೂ ಇರಲಿಲ್ಲ. ಗುಂಡಿ ಹಾಕಿಕೊಳ್ಳಲಾಗದ ಮನುಷ್ಯನನ್ನು ಕಚೇರಿ ಮುಂದಿನ ವಾರವೇ ಪತ್ತೆಮಾಡಿ, ಪಟ್ಟಣದ ಆಚೆಗಿನ ಆರೈಕೆ ಗೃಹಕ್ಕೆ ಕಳಿಸುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಎರಡು ದಿನ ಪಾತ್ರೆಗಳನ್ನು ಬೇಕೆಂದೇ ಸದ್ದುಮಾಡಿ ಇಟ್ಟರು.

ನನಗೂ ಸಿಟ್ಟು ಬಂತು. ಅತ್ತೆಯದು ಕುಲುಮೆ, ನನ್ನದು ಬೆಂಕಿಪೊಟ್ಟಣ, ಆದರೂ ಬಂತು. ಈ ಪರೀಕ್ಷೆ ಎಂಥದ್ದು ನೋಡಿಯೇಬಿಡೋಣ ಎಂದು ನಮ್ಮ ಮನೆಯಲ್ಲಿ ನಾನೇ ಬರೆದೆ. ಹೆಂಡತಿ ಪರೀಕ್ಷಕಿ. ಚಹಾ ಮಾಡಲು ಹೋಗಿ ಸಕ್ಕರೆ ಡಬ್ಬಿ ಸಿಗಲಿಲ್ಲ. ರಕ್ತದೊತ್ತಡದ ಮಾತ್ರೆಯ ಹೆಸರು ಗೊತ್ತಿರಲಿಲ್ಲ. ದಿನವೂ ಅವಳು ಅಂಗೈಗೆ ಹಾಕುತ್ತಾಳೆ, ನಾನು ಬಾಯಿಗೆ ಹಾಕುತ್ತೇನೆ. ನನ್ನ ಕಪಾಟಿನಲ್ಲಿ ನನ್ನದೇ ಕರವಸ್ತ್ರ ಹುಡುಕಿ ಸೋತೆ.

"ನಿಮ್ಮನ್ನ ಯಾವ ಆರೈಕೆ ಗೃಹದೋರೂ ತಗೊಳ್ಳಲ್ಲ," ಎಂದಳು. "ಅಲ್ಲಿ ಸ್ವಲ್ಪನಾದ್ರೂ ಕೆಲಸ ಬರೋರು ಬೇಕು."

ಹಾಗಾದರೆ ನನ್ನ ಕೀಲಿಯನ್ನು ಯಾಕೆ ಯಾರೂ ಕೇಳುವುದಿಲ್ಲ? ಯೋಚಿಸಿದಷ್ಟೂ ಬೆಂಕಿಪೊಟ್ಟಣದ ಕಡ್ಡಿಗಳು ಒಂದೊಂದಾಗಿ ಹತ್ತಿಕೊಂಡವು.

ಪಾರಾಗುವ ದಾರಿ ಹುಡುಕಿದವರು ಕಂಡಕ್ಟರು. ಅವರ ಹಳೆಯ ಟಿಕೆಟ್ ಪಂಚ್ ಇನ್ನೂ ಅವರ ಹತ್ತಿರವಿತ್ತು. ಟಿಕೆಟ್ಟಿಗೆ ತೂತು ಹಾಕುವ ಇಕ್ಕಳದಂಥದ್ದು, ಒತ್ತಿದರೆ ಟಕ್ ಎನ್ನುತ್ತದೆ. ಅಡುಗೆಮನೆಯ ಕಿಟಕಿಯಾಚೆ ಅತ್ತೆಯ ಬಾಲ್ಕನಿ. ಅಲ್ಲಿ ಒಣಹಾಕಿದ ಹಾಸುಬಟ್ಟೆಯ ಮರೆಯಲ್ಲಿ ಅವರು ನಿಲ್ಲುವುದು. ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತಾರೆ. ಅದಕ್ಕೇ ಪಂಚ್. "ಬಸ್ಸಿನ ಬೆಲ್ ಇದ್ದ ಹಾಗೆ," ಎಂದು ವಿವರಿಸಿದರು. "ಒಂದು ಟಕ್ ಅಂದ್ರೆ ಹೋಲ್ಡಾನ್. ಎರಡು ಟಕ್ ಅಂದ್ರೆ ರೈಟ್. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಅತ್ತೆ ಹೂಂ ಎಂದರು. ನಾನು ಭಲೇ ಎಂದೆ. ಇಡೀ ಯೋಜನೆಯಲ್ಲಿದ್ದ ತಪ್ಪು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಪರೀಕ್ಷೆಗೆ ಬಂದವಳು ಒಬ್ಬ ಹುಡುಗಿ. ಬೆನ್ನಿಗೆ ಚೀಲ, ಮೂಗಿನ ಮೇಲೆ ದಪ್ಪ ಕನ್ನಡಕ, ಮಾತು ಮೆತ್ತಗೆ. ಭಾವನನ್ನೂ ನನ್ನನ್ನೂ ಗೋಡೆಗೆ ಕೂರಿಸಿ, "ನೀವು ನೋಡಬಹುದು, ಆದರೆ ಸಹಾಯ ಮಾಡೋ ಹಾಗಿಲ್ಲ," ಎಂದಳು. ಸಹಾಯ ಮಾಡದೆ ಕೂರುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಕೋಟು ತೊಟ್ಟು ಗುಂಡಿ ಹಾಕಿ ಎಂದಳು. ಅವಳ ಮಾತು ಮುಗಿಯುವುದರೊಳಗೆ ಅತ್ತೆ ಹಾಕಿ ಮುಗಿಸಿ, ಅವಳ ತೋಳಿನ ಕೀಳು ಹೊಲಿಗೆಯನ್ನೂ ಬೆರಳಲ್ಲಿ ಪತ್ತೆಮಾಡಿದ್ದರು. ಫೋನು ಮಾಡಿ ಎಂದಳು. ಗುಂಡಿ ಒತ್ತುವ ಹಳೆಯ ಫೋನು, ಬೆರಳಿಗೆ ಬಾಯಿಪಾಠ. ಬೆಳಗಿನ ಮಾತ್ರೆ ಯಾವುದು ಎಂದಳು. ಅತ್ತೆ ಎಡಗಡೆಯ ಪಟ್ಟಿ ಮುಟ್ಟಿದರು. ಕಿಟಕಿಯಾಚೆಯಿಂದ ಟಕ್ ಟಕ್.

"ಇದು," ಎಂದರು ಅತ್ತೆ.

ಹುಡುಗಿ ತಲೆ ಎತ್ತಿದಳು. "ಏನದು ಶಬ್ದ?"

"ಗಡಿಯಾರ."

"ಗಡಿಯಾರ ನಿಂತಿದೆಯಲ್ಲ ಅಮ್ಮ."

"ಹಳೇ ಕಟ್ಟಡ," ಎಂದೆ ನಾನು. ಭಾವ ನನ್ನನ್ನು ಕುಂಬಳಕಾಯಿ ಕಳ್ಳನನ್ನು ನೋಡುವ ಹಾಗೆ ನೋಡಿದ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ ಅಷ್ಟೆ.

ಉಳಿದದ್ದು ಚಹಾ ಒಂದು. ಒಲೆ ಹಚ್ಚಿದರು, ಪಾತ್ರೆ ಇಟ್ಟರು, ಕುದಿಯುವ ಸದ್ದು ಕೇಳಿ ಇಳಿಸಿದರು. ಬಟ್ಟೆಯಲ್ಲಿ ಪಾತ್ರೆ ಹಿಡಿದು ಕಪ್ಪಿಗೆ ಬಗ್ಗಿಸಿದರು. ಗೆಲುವು ಕಣ್ಣೆದುರು ಕಾಣುತ್ತಿತ್ತು, ಕಂಡಕ್ಟರಿಗೂ ಕಂಡಿತು. ಖುಷಿಯಾದರೆ ಆ ಕೈಯ ನಡುಕ ಇಮ್ಮಡಿಯಾಗುತ್ತದೆ. ಟಕ್ ಟಕ್, ರೈಟ್. ಚಹಾ ಇಳಿಯಿತು. ಕಪ್ಪು ತುಂಬಿತು. ಟಕ್ ಎಂಬ ಒಂದೇ ಸದ್ದು ಬರಬೇಕಾದ ಜಾಗ ಅದು.

ಟಕ್ ಟಕ ಟಕ್ ಟಕ್.

ಕಂಡಕ್ಟರು ರೈಟ್ ಅಂದ ಮೇಲೆ ಬಸ್ಸು ನಿಲ್ಲುವುದುಂಟೆ? ಅತ್ತೆ ಸುರಿದರು. ಕಪ್ಪು ಉಕ್ಕಿ ಬಸಿ ತುಂಬಿ, ಮೇಜಿನ ಮೇಲೆ ಹರಿದು, ಅತ್ತೆಯ ಎಡಗೈ ಮೇಲೆ, ಹುಡುಗಿಯ ಬೂಟಿನ ಮೇಲೆ. ಭಾವ ಎದ್ದು ಓಡಿದ. ಅವನಿಗಿಂತ ಮೊದಲು ಹುಡುಗಿ ಅತ್ತೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು.

ಆಮೇಲೆ ಅತ್ತೆ, ಕಿಟಕಿಯ ಕಡೆ ತಿರುಗದೆಯೇ, ಹೇಳಿದರು.

"ಕಂಡಕ್ಟರೇ, ಹೊರಗೆ ಬನ್ನಿ."

ಹಾಸುಬಟ್ಟೆ ಅಲುಗಲಿಲ್ಲ.

"ಹೊರಗೆ ಬನ್ನಿ ಅಂದೆ. ಹೊಟ್ಟೆ ಒಳಗೆ ಎಳ್ಕೊಂಡು ನಿಂತಿದ್ದು ಸಾಕು."

ಬಂದರು. ಕೈಯಲ್ಲಿ ಪಂಚ್ ಇನ್ನೂ ತಾನಾಗಿಯೇ ಟಕಟಕ ಎನ್ನುತ್ತಿತ್ತು. "ತಪ್ಪಾಯ್ತು ಟೈಲರಮ್ಮ. ನಾನು ಒತ್ತಿದ್ದು ಒಂದೇ. ಉಳಿದದ್ದು ಕೈ ಒತ್ತಿತು."

"ನನ್ನ ಕೈ ಹೇಳ್ತಾನೇ ಇತ್ತು ತುಂಬಿದೆ ಅಂತ. ನಿಮ್ಮನ್ನ ನಂಬಿದೆ. ನಿಮ್ಮ ಕೈನ ಯಾರು ಕೇಳಿದ್ರು? ನನಗೆ ಬೇಕಾಗಿದ್ದು ನಿಮ್ಮ ಕಣ್ಣು, ನಿಮ್ಮ ಬಾಯಿ. ಅದನ್ನ ಮುಚ್ಚಿಸಿ ಕೈಗೆ ಕೆಲಸ ಕೊಟ್ವಲ್ಲ, ನಮಗೆ ಬುದ್ಧಿ ಇದೆಯಾ?" ಅವರು ಒದ್ದೆ ಕೈ ಒರೆಸಿಕೊಂಡರು. "ಕೂತ್ಕೊಳ್ಳಿ. ಮಗು, ನೀನೂ ಕೂತ್ಕೋ. ಚಹಾ ಕುಡ್ಕೊಂಡು ಹೋಗು."

ಮತ್ತೆ ಒಲೆ ಹಚ್ಚಿದರು. ಈ ಸಲ ಕಂಡಕ್ಟರು ಕುರ್ಚಿಯಲ್ಲಿ, ಕೈ ತೊಡೆಯ ಕೆಳಗೆ, ಬಾಯಿ ಬಸ್ ನಿಲ್ದಾಣದಷ್ಟು ದೊಡ್ಡದಾಗಿ. "ಉರಿ ಸಣ್ಣ ಮಾಡಿ. ರೈಟ್. ಕಪ್ಪು ಅಂಗೈಯಷ್ಟು ಬಲಕ್ಕಿದೆ. ಬರ್ಲಿ, ಬರ್ಲಿ, ಹೋಲ್ಡಾನ್." ನಾಲ್ಕು ಕಪ್ಪು, ಮೇಜಿನ ಮೇಲೆ ಒಂದು ತೊಟ್ಟಿಲ್ಲ. ಐದನೆಯದು ಅರ್ಧ ಕಪ್ಪು. ಅದನ್ನು ಅತ್ತೆ ಕೈಯಲ್ಲೇ ಹಿಡಿದು ಕಂಡಕ್ಟರಿಗೆ ಕುಡಿಸಿದರು, ಅವರ ತುಟಿ ಎಲ್ಲಿದೆ ಎಂದು ಯಾರನ್ನೂ ಕೇಳದೆ.

ಹುಡುಗಿ ಪೂರ್ತಿ ಕುಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಚೆನ್ನಾಗಿದೆ ಅಮ್ಮ. ಆದರೆ ನಿಯಮ ಇರೋದು ಒಬ್ಬೊಬ್ಬರಿಗೆ. ಇದನ್ನ ನೀವು ಮಾಡಿದ್ದು ಅಂತ ನಾನು ಹೇಳಕ್ಕಾಗಲ್ಲ."

"ನೀನು ಹಾಕ್ಕೊಂಡಿದೀಯಲ್ಲ, ಏನದು?"

"ಕನ್ನಡಕ."

"ತೆಗೆದಿಡು. ತೆಗೆದಿಟ್ಟು ನನಗೊಂದು ಚಹಾ ಮಾಡಿಕೊಡು."

"ಕನ್ನಡಕ ಹಾಕ್ಕೋಬಹುದು ಅಮ್ಮ. ಕೋಲು ಹಿಡ್ಕೋಬಹುದು. ಅದೆಲ್ಲ ಸಲಕರಣೆ."

"ಕನ್ನಡಕ ಹಾಕ್ಕೊಂಡು ಮಾಡಿದ್ರೆ ನಾನು ಮಾಡಿದ್ದು. ಕೋಲು ಹಿಡ್ಕೊಂಡು ಮಾಡಿದ್ರೆ ನಾನು ಮಾಡಿದ್ದು. ಮನುಷ್ಯನ್ನ ಹಿಡ್ಕೊಂಡು ಮಾಡಿದ್ರೆ ನಾನು ಮಾಡಿದ್ದಲ್ಲ." ಅತ್ತೆಯ ದನಿ ಏರಲಿಲ್ಲ. ಅವರು ನಿಜವಾಗಿ ಸಿಟ್ಟಾದಾಗ ದನಿ ಇಳಿಯುತ್ತದೆ, ಅದು ನನಗೆ ಗೊತ್ತು. "ನೀನು ಇಲ್ಲಿಗೆ ಹೇಗೆ ಬಂದೆ?"

"ಬಸ್ಸಲ್ಲಿ."

"ನೀನೇ ಓಡಿಸ್ಕೊಂಡು ಬಂದ್ಯಾ?"

ಹುಡುಗಿ ಕಪ್ಪು ಕೆಳಗಿಟ್ಟಳು.

"ನಿನ್ನ ತಲೆಕೂದಲು ನೀನೇ ಕತ್ತರಿಸ್ಕೊಂಡ್ಯಾ? ನಿನ್ನ ಬೂಟು ನೀನೇ ಹೊಲ್ಕೊಂಡ್ಯಾ? ಈ ಕೋಟಂತೂ ಯಾರೋ ನಿದ್ದೆಗಣ್ಣಲ್ಲಿ ಹೊಲಿದಿದಾರೆ. ಇಲ್ಲಿ ಕೂತಿದಾನಲ್ಲ ನನ್ನ ಅಳಿಯ, ಅವನ ಹೆಂಡ್ತಿ ಒಂದು ದಿನ ಊರಲ್ಲಿಲ್ಲದಿದ್ರೆ ಅವನಿಗೆ ತನ್ನ ಕಾಲುಚೀಲ ಸಿಗಲ್ಲ. ಅವನ ಕೀಲಿ ಕೇಳು ಹೋಗು. ಎಲ್ಲರೂ ಎಲ್ಲರನ್ನೂ ಹಿಡ್ಕೊಂಡೇ ಬದುಕೋದು. ವಯಸ್ಸಾದ ಮೇಲೆ ಮಾತ್ರ, ಒಬ್ಬಳೇ ಮಾಡು ನೋಡೋಣ ಅಂತೀರ. ಇದು ಅಳತೆ ಅಲ್ಲ ಮಗು. ಉಸಿರು ಹಿಡಿಸಿ ಟೇಪು ಸುತ್ತೋದು ಇದು."

ನನ್ನ ಹೆಸರು ಎತ್ತಿದ್ದು ಅನಗತ್ಯ ಎನ್ನಿಸಿತು. ಆದರೆ ಕಾಲುಚೀಲದ ವಿಷಯ ಸುಳ್ಳಲ್ಲ.

ಹುಡುಗಿ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. "ಇವರು ನಿಮ್ಮ ಮನೇಲೇ ಇದ್ದಿದ್ರೆ ತೊಂದ್ರೆನೇ ಇರ್ತಿರಲಿಲ್ಲ," ಎಂದಳು, ತನ್ನಲ್ಲೇ ಹೇಳಿಕೊಳ್ಳುವವಳಂತೆ. "ಒಂದೇ ಮನೆಯೋರು ಒಬ್ಬರಿಗೊಬ್ಬರು ಮಾಡಿದ್ರೆ ನಾವು ಲೆಕ್ಕಕ್ಕೆ ತಗೋತೀವಿ. ಇವರು ಎದುರು ಮನೆಯೋರು."

ಕಂಡಕ್ಟರ ಕಿವಿ ಕೆಂಪಾಯಿತು. ಭಾವ ಕೆಮ್ಮಿದ. ಅತ್ತೆ ಇಬ್ಬರ ಕಡೆಗೂ ಗಮನ ಕೊಡಲಿಲ್ಲ. "ಈ ವಯಸ್ಸಲ್ಲಿ ನನಗೆ ಗಂಡ ಬೇಡ, ಕಣ್ಣು ಬೇಕು. ಇವರ ಗೊರಕೆ ಈ ಗೋಡೆ ದಾಟಿ ಬರತ್ತೆ. ಗೋಡೆ ಇಲ್ಲದಿದ್ರೆ ನನ್ನ ಕಿವಿನೂ ಹೋಗತ್ತೆ." ಆಮೇಲೆ ಕೇಳಿದರು: "ಒಂದೇ ಮನೆ ಅಂದ್ರೆ ಏನು, ನಿಮ್ಮ ಕಚೇರಿಯವರ ಪ್ರಕಾರ?"

"ಒಂದು ಹೊರಬಾಗಿಲು, ಅಮ್ಮ. ಒಂದು ಬೆಲ್ಲು."

ನನ್ನ ತಿಳಿವಳಿಕೆಯಲ್ಲಿ ಅತ್ತೆ ಒಂದು ಮಾತಿಗೆ ಉತ್ತರ ಕೊಡದೆ ಬಿಟ್ಟದ್ದು ಅದೇ ಮೊದಲು.

ಮಾರನೆಯ ದಿನ ಬಡಗಿ ಬಂದ. ಮೆಟ್ಟಿಲು ಮುಗಿಯುವ ಜಾಗಕ್ಕೆ, ಗೋಡೆಯಿಂದ ಗೋಡೆಗೆ ಚೌಕಟ್ಟು ಕೂರಿಸಿ ಬಾಗಿಲು ಹಾಕಬೇಕೆಂದು ಅತ್ತೆ ಹೇಳಿದರು. ಒಳಗಿನ ಎರಡು ಬಾಗಿಲೂ ಕೋಣೆಯ ಬಾಗಿಲಾಗುತ್ತವೆ, ಬೆಂಚಿನ ಜಾಗ ಹಜಾರವಾಗುತ್ತದೆ, ಗೊರಕೆಯ ಗೋಡೆ ಇದ್ದಲ್ಲೇ ಇರುತ್ತದೆ. ಬಡಗಿ ಅಳತೆಗೆ ಪಟ್ಟಿ ತೆಗೆದ. ಅತ್ತೆ ತಮ್ಮ ಕುತ್ತಿಗೆಯ ಟೇಪು ತೆಗೆದರು. ಒಂದು ತುದಿ ಅತ್ತೆಯ ಬೆರಳಲ್ಲಿ, ಅಂಕಿ ಓದಿದವರು ಕಂಡಕ್ಟರು. ಬಡಗಿಗೆ ಕೆಲಸವಿಲ್ಲದಾಯಿತು. ಒಳಗಿನಿಂದ ಸುಲಭವಾಗಿ ತೆರೆಯುವಂತಿರಬೇಕು ಎಂಬ ಷರತ್ತು ಹಾಕಿ ಕಚೇರಿಯವರು ಒಪ್ಪಿದರು. ಆ ಮಹಡಿಯಲ್ಲಿ ಬೇರೆ ಯಾರಿಗೂ ದಾರಿ ಬೇಕಿರಲಿಲ್ಲ.

ಭಾವ ಬಂದಾಗ ಚೌಕಟ್ಟು ನಿಂತಿತ್ತು. ಅವನು ಮೆಟ್ಟಿಲ ಮೇಲೆ, ಅತ್ತೆ ಚೌಕಟ್ಟಿನ ಒಳಗೆ.

"ಅಮ್ಮ, ಇದು ಮೋಸ."

"ಮೋಸ ಮಾಡಿದ್ದು ಅವತ್ತು, ಬಾಲ್ಕನಿಲಿ. ಅದಕ್ಕೇ ಕೈ ಸುಟ್ಟಿತು. ಇದು ಮೋಸ ಅಲ್ಲ, ಬಾಗಿಲು."

"ನಾನು ನಿನ್ನ ಮಗ. ನನ್ನ ಮನೆ ಬೇಡ ನಿನಗೆ, ಯಾರೋ ಒಬ್ಬರ..."

"ನಿನ್ನ ಮನೇಲಿ ನಾನು ಏನು ಮಾಡ್ಲಿ ಹೇಳು."

"ಏನೂ ಮಾಡೋದು ಬೇಡ."

"ಕೇಳಿಸ್ತಾ ನೀನು ಹೇಳಿದ್ದು?"

ಅವನಿಗೆ ಕೇಳಿಸಿರಲಿಲ್ಲ. ಚೌಕಟ್ಟಿಗೆ ಕೈಯಿಟ್ಟು ನಿಂತ. ಆಮೇಲೆ, ಅವನ ಸಿಟ್ಟಿನ ಕೆಳಗೆ ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮಾತು ಹೊರಬಂತು. "ನಾಳೆ ಅವರಿಗೆ ಏನಾದ್ರೂ ಆದ್ರೆ? ಆಗ ನೀನು?"

ಒಳಗೆ ಕಂಡಕ್ಟರು ಇದ್ದರು, ಕೇಳಿಸಿತು. ಕೇಳಿಸದವರಂತೆ ಬಡಗಿಗೆ ಮೊಳೆ ಎಣಿಸಿಕೊಡುವ ನಟನೆ ಮಾಡಿದರು. ಮೊಳೆಗಳು ನೆಲದ ತುಂಬ ಚೆಲ್ಲಿದವು.

"ನಾಳೆ ಅವರು ಹೋದ್ರೆ ನನ್ನ ಕಣ್ಣು ಹೋದ ಹಾಗೆ," ಎಂದರು ಅತ್ತೆ. "ಒಂದು ಸಲ ಹೋಗಿದೆಯಲ್ಲ. ಅಭ್ಯಾಸ ಇದೆ. ನಾಳೆ ಹೋಗತ್ತೆ ಅಂತ ಇವತ್ತೇ ಯಾರಾದ್ರೂ ಕಿತ್ತು ಕೊಡ್ತಾರಾ?"

ಭಾವ ಹೋಗಲಿಲ್ಲ, ಒಳಕ್ಕೂ ಬರಲಿಲ್ಲ. ಕೊನೆಗೆ ಬಗ್ಗಿ ಮೊಳೆಗಳನ್ನು ಆರಿಸತೊಡಗಿದ. ಯಾರಾದರೂ ತುಳಿದರೆ ಎಂಬ ಭಯಕ್ಕೇ ಇರಬೇಕು. ವಿಮಾ ಕಂಪನಿಯ ಬುದ್ಧಿ.

ಹುಡುಗಿ ಎರಡನೆಯ ಸಲ ಬಂದಾಗ ಬೆಲ್ಲು ಒತ್ತಿದಳು. ಒಂದೇ ಬೆಲ್ಲು. ಒಳಗೆ ಬಂದು ಹಿಂದಿನ ಸಲ ಕುಡಿದ ಚಹಾವನ್ನೇ ಮತ್ತೆ ಕುಡಿದಳು, ಹಿಂದಿನ ಸಲ ಕಂಡ ಇಬ್ಬರನ್ನೇ ಮತ್ತೆ ಕಂಡಳು. "ಕೀಲಿ ಇಟ್ಕೊಳ್ಳಿ ಅಮ್ಮ, ಇಬ್ಬರೂ ಪಾಸು," ಎಂದು ನಕ್ಕಳು. ನಾನೂ ನಕ್ಕೆ, ಕಂಡಕ್ಟರಂತೂ ಪಂಚ್ ತೆಗೆದು ಗಾಳಿಗೆ ನಾಲ್ಕೈದು ಟಿಕೆಟ್ ಕತ್ತರಿಸಿದರು. ಭಾವ ಕೂಡ ನಕ್ಕನೇನೋ. ಅತ್ತೆ ನಗಲಿಲ್ಲ.

"ನಾವು ಅವತ್ತೂ ಇವೇ ಕೈ, ಇವೇ ಕಣ್ಣು," ಎಂದರು. "ಪಾಸಾಗಿದ್ದು ಬಾಗಿಲು."

ಮೊನ್ನೆ ಹೋಗಿದ್ದೆ. ಬೆಲ್ಲು ಒತ್ತಿ ನಿಂತೆ. ಒಳಗಿನಿಂದ ಸದ್ದು: "ರೈಟ್. ಬೆಂಚು ಎಡಕ್ಕಿದೆ, ಬರ್ಲಿ, ಬರ್ಲಿ, ಹೋಲ್ಡಾನ್." ಬಾಗಿಲಿನ ಪುಟ್ಟ ಗಾಜಿನ ತೂತಿಗೆ ಒಂದು ಕಣ್ಣು ಬಂತು.

"ಯಾರು?" ಅತ್ತೆಯ ದನಿ.

"ನಿಮ್ಮ ಅಳಿಯ."

"ಕೈಯಲ್ಲಿ ಏನಿದೆ?"

"ಏನೂ ಇಲ್ಲ. ಕೋಟಿನ ಮಧ್ಯದ ಗುಂಡಿ ಕೂಡ ಇಲ್ಲ."

ಚಿಲಕ ಸರಿಯಿತು. ನೋಡಿದವರು ಒಬ್ಬರು, ತೆಗೆದವರು ಒಬ್ಬರು. ಅತ್ತೆ ಬಾಗಿಲ ಪಕ್ಕದ ಗೋಡೆಯ ಕಡೆ ಮುಖ ಮಾಡಿ ನನ್ನನ್ನು ಚೆನ್ನಾಗಿ ನೋಡಿದರು. ಆ ಕಚೇರಿಯ ಬಗ್ಗೆ, ಅದರ ನಿಯಮದ ಬಗ್ಗೆ, ತಮ್ಮ ಮಗನ ಬಗ್ಗೆ, ಕೆಳಗಿನ ಮಹಡಿಯಲ್ಲಿ ಎದುರುಬದುರಾಗಿಯೇ ಇದ್ದು ಇನ್ನೂ ಪರೀಕ್ಷೆಗೆ ಕಾದಿರುವ ಇಬ್ಬರು ಮುದುಕಿಯರ ಬಗ್ಗೆ ಬೈಯುತ್ತಲೇ ಸೂಜಿ ತಂದರು. ಅಲ್ಲಿ ಮೆಟ್ಟಿಲು ಮೇಲಕ್ಕೂ ಹೋಗುತ್ತದೆ, ಬಾಗಿಲು ಹಾಕಲು ಜಾಗವಿಲ್ಲವಂತೆ. "ಅವರೇನು ಮಾಡಬೇಕು ಹೇಳು. ಮೆಟ್ಟಿಲು ಕಡೀಬೇಕಾ?" ಎಂದರು. "ಸ್ವಲ್ಪ ಮೇಲೆ, ರೈಟ್," ಎಂದರು ಕಂಡಕ್ಟರು. ದಾರ ಸೂಜಿಯೊಳಗೆ ಹೋಯಿತು.

ಅತ್ತೆ ನನ್ನ ಕೋಟಿನ ಎರಡು ಅಂಚು ಹಿಡಿದು ಎಳೆದರು. ನಾನು ನೆಟ್ಟಗೆ ನಿಂತೆ.

"ಉಸಿರು ಬಿಡು," ಎಂದರು.